ಆಗಾಗ ಮಾತ್ರ ಆನ್ ಆಗುವ ಮನೆ ಕಂಪ್ಯೂಟರಿಗೆ ಮೇಲ್ ತರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ ಮೂರು ಇಮೇಲ್ ಖಾತೆಗಳಿವೆ. ಒಂದು ಜಿಮೇಲ್, ಒಂದು ಆಫೀಸಿನದು, ಇನ್ನೊಂದು ನನ್ನದೇ ಡೊಮೇನಿನದು. ಮನೆಯಲ್ಲಿ ಲಿನಕ್ಸ್ ಹಾಕಿದ ಡೆಸ್ಕ್‌ಟಾಪ್ ಇದೆ. ಸಂಜೆ ಎರಡು ಮೂರು ಗಂಟೆ ಆನ್ ಇರುತ್ತದೆ, ನಾನು ಪ್ರಯಾಣದಲ್ಲಿದ್ದರೆ ವಾರಗಟ್ಟಲೆ ಆಫ್. ಮೂರೂ ಖಾತೆಗಳ ಮೇಲ್ ಅದರಲ್ಲಿ ಒಂದೇ ಕಡೆ ಇರಬೇಕು, ಇಂಟರ್‌ನೆಟ್ ಇಲ್ಲದಾಗಲೂ ಓದಲು ಸಿಗಬೇಕು. ಫೋನಿನಲ್ಲೂ ಮೇಲ್ ನೋಡುತ್ತೇನೆ. ಡೊಮೇನನ್ನು ನೇರವಾಗಿ ಮನೆ ಕಂಪ್ಯೂಟರಿಗೇ ಜೋಡಿಸಿ ಅಲ್ಲೇ ಮೇಲ್ ಸರ್ವರ್ ನಡೆಸಲೇ? ಸರ್ವರಿನಿಂದ ಮೇಲ್ ತರಿಸಿಕೊಳ್ಳುವ ಎರಡು ಪದ್ಧತಿಗಳಲ್ಲಿ ಪಾಪ್ ಒಳ್ಳೆಯದೋ, ಐಮ್ಯಾಪೋ? ತರಿಸಿಕೊಳ್ಳುವಾಗ ಅರ್ಧಕ್ಕೇ ಕರೆಂಟ್ ಹೋದರೆ ಮೇಲ್ ಕಳೆದುಹೋಗುತ್ತದೆಯೇ?

ಉತ್ತರ: ಮನೆಯಲ್ಲಿ ಸರ್ವರ್ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ.

ಮೇಲ್ ಕಳಿಸುವ ಸರ್ವರ್ ಎಸ್‌ಎಂಟಿಪಿ ಎಂಬ ಪದ್ಧತಿಯಲ್ಲಿ ನಿಮ್ಮ ಸರ್ವರಿನ ಬಾಗಿಲಿಗೆ ಬರುತ್ತದೆ. ಯಾವಾಗ ಬರಬೇಕು ಎನ್ನುವುದು ಅದರ ಇಷ್ಟ, ನಿಮ್ಮದಲ್ಲ. ನೀವು ಆಫ್ ಇದ್ದರೆ ಮೇಲನ್ನು ತನ್ನ ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಂದು ನೋಡುತ್ತದೆ. ಎಸ್‌ಎಂಟಿಪಿ ನಿಯಮ, ಅಂದರೆ ಆರ್‌ಎಫ್‌ಸಿ 5321 (ಇಂಟರ್‌ನೆಟ್ ಪದ್ಧತಿಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ), ಹೇಳುವುದು ಇಷ್ಟು: ಸಾಮಾನ್ಯವಾಗಿ ಎರಡು ಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಬಿಡಿ, ಕನಿಷ್ಠ 4–5 ದಿನ ಕೈಬಿಡಬೇಡಿ. ಪೋಸ್ಟ್‌ಫಿಕ್ಸ್ ಎಂಬ ಜನಪ್ರಿಯ ಸರ್ವರ್ ತಂತ್ರಾಂಶ ತಾನಾಗಿಯೇ 5 ದಿನ ಪ್ರಯತ್ನಿಸಿ, ಆಮೇಲೆ ಕಳಿಸಿದವರಿಗೆ ಮೇಲ್ ವಾಪಸ್ ಮಾಡುತ್ತದೆ. ಒಂದು ರಾತ್ರಿ ಆಫ್ ಇದ್ದರೆ ಏನೂ ಆಗುವುದಿಲ್ಲ. ನೀವು ವಾರಗಟ್ಟಲೆ ಇರುವುದಿಲ್ಲ ಅಂತೀರಿ, ಅಲ್ಲಿಗೆ ಮುಗಿಯಿತು.

ಐದು ದಿನದೊಳಗೆ ವಾಪಸ್ ಬಂದರೂ ತೊಂದರೆ ಇದ್ದೇ ಇದೆ. ಬಾಗಿಲು ತೆರೆಯದಿದ್ದಷ್ಟೂ ಕಳಿಸುವ ಸರ್ವರ್ ಪ್ರಯತ್ನಗಳ ನಡುವಿನ ಅಂತರ ಹೆಚ್ಚಿಸುತ್ತಾ ಹೋಗುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಅದು 300 ಸೆಕೆಂಡಿನಿಂದ ಶುರುವಾಗಿ 4000 ಸೆಕೆಂಡಿನವರೆಗೆ ಬೆಳೆಯುತ್ತದೆ. ಬೇರೆ ಕಡೆ ಇನ್ನೂ ಜಾಸ್ತಿ ಇರಬಹುದು. ನಿಮ್ಮ ಕಂಪ್ಯೂಟರ್ ಆನ್ ಇರುವ ಆ ಎರಡು ಗಂಟೆಯಲ್ಲೇ ಅದರ ಸರದಿ ಬರಬೇಕು ಅಂತ ಏನಿದೆ? ಇದರ ಜೊತೆಗೆ ಮನೆಯ ಇಂಟರ್‌ನೆಟ್ ಸಂಪರ್ಕದ ತಾಪತ್ರಯಗಳು: ಐಪಿ ವಿಳಾಸ ಬದಲಾಗುತ್ತಿರುತ್ತದೆ, ಎಷ್ಟೋ ಕಡೆ ಒಂದೇ ಐಪಿಯನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ, ಸರ್ವರುಗಳ ನಡುವೆ ಮೇಲ್ ಓಡಾಡುವ 25ನೇ ಪೋರ್ಟನ್ನು ಕಂಪನಿಯವರೇ ಮುಚ್ಚಿರುತ್ತಾರೆ.

ಈ ಕಷ್ಟ ಹೊಸದಲ್ಲ. ಡಯಲ್‌ಅಪ್ ಕಾಲದಲ್ಲಿ ಎಲ್ಲರ ಕಂಪ್ಯೂಟರೂ ಹೀಗೆಯೇ ಆಗಾಗ ಮಾತ್ರ ಸಂಪರ್ಕಕ್ಕೆ ಬರುತ್ತಿತ್ತು. ಅದಕ್ಕೆಂದೇ 1996ರಲ್ಲಿ ಇಟಿಆರ್‌ಎನ್ ಎಂಬ ಆಜ್ಞೆ ಬಂತು. ‘ನಾನೀಗ ಎದ್ದಿದ್ದೇನೆ, ನನ್ನ ಹೆಸರಿನಲ್ಲಿ ಕೂಡಿಟ್ಟ ಮೇಲ್ ಕಳಿಸು’ ಎಂದು ಕೇಳುವ ಆಜ್ಞೆ ಅದು. (ಅದರ ಆರ್‌ಎಫ್‌ಸಿ ಸಂಖ್ಯೆ 1985. ಇಸವಿ ಅಂದುಕೊಂಡು ಮೋಸ ಹೋಗಬೇಡಿ.) ಐಪಿ ಬದಲಾಗುವವರಿಗಾಗಿ 1999ರಲ್ಲಿ ಎಟಿಆರ್‌ಎನ್ ಬಂತು. ಎರಡೂ ಚೆನ್ನಾಗಿಯೇ ಯೋಚಿಸಿ ಮಾಡಿದವು. ಆದರೆ ಈಗ ಮನೆ ಬಳಕೆಯವರಿಗೆ ಇವನ್ನು ಒದಗಿಸುವ ಕಂಪನಿ ಹುಡುಕುವುದೇ ದೊಡ್ಡ ಕೆಲಸ. ಆ ದಾರಿ ಬಿಡಿ. ನಿಮ್ಮ ಡೊಮೇನಿನ ಮೇಲ್ ಸದಾ ಆನ್ ಇರುವ ಒಂದು ಸರ್ವರಿಗೆ ಬಂದು ಬೀಳಲಿ. ಮನೆ ಕಂಪ್ಯೂಟರ್ ಎದ್ದಾಗ ತಾನೇ ಹೋಗಿ ಕೇಳಿ ತರಲಿ. ಅಲ್ಲಿ ಪೆಟ್ಟಿಗೆ ಎಷ್ಟು ದೊಡ್ಡದು ಎಂದು ಮಾತ್ರ ನೋಡಿಕೊಳ್ಳಿ. ನೀವಿಲ್ಲದ ವಾರದಲ್ಲಿ ಅದು ತುಂಬಿಹೋದರೆ ಹೊಸ ಮೇಲ್ ಒಳಗೆ ಬರುವುದಿಲ್ಲ.

ಇನ್ನು ಕರೆಂಟ್ ಹೋಗುವ ಪ್ರಶ್ನೆ. ಇದು ನನಗೆ ಇಷ್ಟವಾದ ಪ್ರಶ್ನೆ, ಏಕೆಂದರೆ ಪಾಪ್ ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದರು. ಈಗ ಬಳಕೆಯಲ್ಲಿರುವ ಪಾಪ್3 1996ರ ಆರ್‌ಎಫ್‌ಸಿ 1939ರಲ್ಲಿದೆ. ನಿಮ್ಮ ಕಂಪ್ಯೂಟರ್ ಸರ್ವರಿನ ಜೊತೆ ಹೀಗೆ ಮಾತಾಡುತ್ತದೆ. ಮೊದಲು ಹೆಸರು, ಪಾಸ್‌ವರ್ಡ್. ಆಮೇಲೆ ‘ಯುಐಡಿಎಲ್’: ಪೆಟ್ಟಿಗೆಯಲ್ಲಿರುವ ಪ್ರತಿ ಮೇಲಿನ ಗುರುತು ಸಂಖ್ಯೆ ಕೊಡು. ಆಮೇಲೆ ‘ರಿಟರ್ 1’: ಮೊದಲನೆಯದನ್ನು ಕಳಿಸು. ಬಂತು. ‘ಡೆಲಿ 1’: ಅದನ್ನು ಅಳಿಸು. ಸರ್ವರ್ ‘ಓಕೆ’ ಅನ್ನುತ್ತದೆ, ಆದರೆ ನಿಜವಾಗಿ ಏನೂ ಅಳಿಸುವುದಿಲ್ಲ! ಸುಮ್ನೆ ಒಂದು ಗುರುತು ಹಾಕಿಟ್ಟುಕೊಳ್ಳುತ್ತದೆ ಅಷ್ಟೇ. ಕೊನೆಗೆ ನಿಮ್ಮ ಕಂಪ್ಯೂಟರ್ ‘ಕ್ವಿಟ್’ ಎಂದು ಹೇಳಿ ಹೊರಟಾಗ ಮಾತ್ರ ಗುರುತು ಹಾಕಿದ್ದನ್ನೆಲ್ಲ ಅಳಿಸುತ್ತದೆ. ನಡುವೆ ಕರೆಂಟ್ ಹೋಯಿತು, ವೈಫೈ ಕಡಿಯಿತು ಎಂದರೆ ‘ಕ್ವಿಟ್’ ತಲುಪುವುದಿಲ್ಲ, ಒಂದು ಮೇಲೂ ಅಳಿಯುವುದಿಲ್ಲ.

ಹಾಗಾಗಿ ಅರ್ಧಕ್ಕೆ ನಿಂತರೆ ಆಗುವ ತೊಂದರೆ ಮೇಲ್ ಕಳೆಯುವುದಲ್ಲ, ಅದೇ ಮೇಲ್ ಎರಡೆರಡು ಸಲ ಬರುವುದು. ಅದನ್ನು ತಪ್ಪಿಸಲು ಗುರುತು ಸಂಖ್ಯೆಗಳಿವೆ. ನಿಮ್ಮ ತಂತ್ರಾಂಶ ತಾನು ಈಗಾಗಲೇ ತಂದಿರುವ ಸಂಖ್ಯೆಗಳ ಪಟ್ಟಿ ಇಟ್ಟುಕೊಂಡು, ಅವನ್ನು ಬಿಟ್ಟು ಉಳಿದದ್ದನ್ನು ಮಾತ್ರ ತರುತ್ತದೆ.

ನಿಜವಾದ ಅಪಾಯ ಇರುವುದು ನಿಮ್ಮ ಮನೆಯ ಕಡೆ. ಮೇಲ್ ಬಂತು, ತಂತ್ರಾಂಶ ಅದನ್ನು ಫೈಲಿಗೆ ಬರೆಯಿತು, ಆದರೆ ಅದು ಇನ್ನೂ ಮೆಮೊರಿಯಲ್ಲೇ ಇದೆ, ಡಿಸ್ಕಿಗೆ ಇಳಿದಿಲ್ಲ. ಅಷ್ಟರಲ್ಲಿ ‘ಕ್ವಿಟ್’ ಹೇಳಿಯಾಯಿತು, ಮರುಕ್ಷಣ ಕರೆಂಟ್ ಹೋಯಿತು. ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇದಕ್ಕೇ ಮೇಲ್‌ಡಿರ್ ಎಂಬ ವ್ಯವಸ್ಥೆಯನ್ನು ನಾನು ಎಲ್ಲರಿಗೂ ಹೇಳುವುದು. ಕ್ಯೂಮೇಲ್ ಎಂಬ ಮೇಲ್ ಸರ್ವರ್ ತಂತ್ರಾಂಶ ಬರೆದ ಡೇನಿಯಲ್ ಬರ್ನ್‌ಸ್ಟೀನ್ ರೂಪಿಸಿದ್ದು. ಪ್ರತಿ ಮೇಲಿಗೂ ಒಂದು ಪ್ರತ್ಯೇಕ ಫೈಲ್. ಮೊದಲು ‘ಟಿಎಂಪಿ’ ಫೋಲ್ಡರಿನಲ್ಲಿ ಬರೆಯುತ್ತಾರೆ, ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ‘ನ್ಯೂ’ ಫೋಲ್ಡರಿಗೆ ಸರಿಸುತ್ತಾರೆ, ನೀವು ನೋಡಿದ ಮೇಲೆ ಅದು ‘ಕರ್’ಗೆ ಹೋಗುತ್ತದೆ. ಕರೆಂಟ್ ಹೋದರೆ ‘ಟಿಎಂಪಿ’ಯಲ್ಲಿ ಒಂದು ಅರ್ಧ ಫೈಲ್ ಉಳಿಯಬಹುದು, ಬೇರೆ ಯಾವುದಕ್ಕೂ ಧಕ್ಕೆ ಇಲ್ಲ. ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಸಾವಿರಾರು ಮೇಲ್ ಒಂದೇ ದೊಡ್ಡ ಫೈಲಿನಲ್ಲಿ ಇರುತ್ತವೆ. ದಿಢೀರ್ ಎಂದು ಆಫ್ ಆಗುವ ಕಂಪ್ಯೂಟರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಪಾಪ್ ಇಷ್ಟು ಜಾಣತನದ್ದಾದರೂ ನಿಮಗೆ ಅದನ್ನು ಹೇಳುವುದಿಲ್ಲ. ಅದಕ್ಕೆ ಕಾಣುವುದು ಇನ್‌ಬಾಕ್ಸ್ ಒಂದೇ. ನೀವು ಫೋನಿನಿಂದ ಕಳಿಸಿದ ಮೇಲ್, ಫೋಲ್ಡರಿಗೆ ಹಾಕಿಟ್ಟ ಮೇಲ್, ಯಾವುದೂ ಬರುವುದಿಲ್ಲ. ಓದಿದ್ದು ಯಾವುದು, ಓದದ್ದು ಯಾವುದು ಎನ್ನುವುದೂ ಗೊತ್ತಾಗುವುದಿಲ್ಲ. ಇನ್ನೊಂದು, ಪಾಪ್ ತಂತ್ರಾಂಶಗಳಿಗೆ ತಂದ ಮೇಲೆ ಅಳಿಸುವ ಅಭ್ಯಾಸ. ಮೇಲ್ ತರುವ ಫೆಚ್‌ಮೇಲ್ ಎಂಬ ತಂತ್ರಾಂಶಕ್ಕೆ ‘ಕೀಪ್’ ಎಂದು ಬರೆದು ಹೇಳದಿದ್ದರೆ ತಂದದ್ದನ್ನು ಸರ್ವರಿನಿಂದ ತೆಗೆದುಬಿಡುತ್ತದೆ. ಮೇಲ್ ಓದುವ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಪಾಪ್ ಖಾತೆ ಮಾಡಿದಾಗ ‘14 ದಿನ ಮಾತ್ರ ಸರ್ವರಿನಲ್ಲಿ ಇಡು’ ಎಂಬ ಟಿಕ್ ತಾನಾಗಿ ಬಿದ್ದಿರುವುದುಂಟು. ಎರಡು ವಾರ ಎಲ್ಲ ಸರಿ ಇರುತ್ತದೆ, ಆಮೇಲೆ ಫೋನಿನಲ್ಲಿ ಹಳೆಯ ಮೇಲ್ ಒಂದೊಂದಾಗಿ ಮಾಯ. ಯಾರೋ ಖಾತೆಗೆ ನುಗ್ಗಿದ್ದಾರೆ ಎಂದು ಗಾಬರಿಯಾಗಿ ಬರುವವರಲ್ಲಿ ಕೆಲವರ ಕಥೆ ಇಷ್ಟೇ ಆಗಿರುತ್ತದೆ.

ನಿಮಗೆ ಐಮ್ಯಾಪ್ ಸರಿ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಇದನ್ನು ರೂಪಿಸಿದಾಗಿನಿಂದ ಇದರ ಸ್ವಭಾವ ಒಂದೇ: ಮೇಲಿನ ಮನೆ ಸರ್ವರ್, ನಿಮ್ಮಲ್ಲಿರುವುದು ಪ್ರತಿ. ಫೋಲ್ಡರ್, ಕಳಿಸಿದ್ದು, ಓದಿದ ಗುರುತು, ಎಲ್ಲ ಸಿಗುತ್ತದೆ. ಆದರೆ ಇಲ್ಲಿ ಒಂದು ಕಡೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ನಿಮಗೆ ಬೇಕಾದದ್ದು ಸರ್ವರಿನ ತದ್ರೂಪವೋ, ಸಂಗ್ರಹವೋ? ತದ್ರೂಪ ಎಂದರೆ ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ. ಸಂಗ್ರಹ ಎಂದರೆ ಒಮ್ಮೆ ಬಂದದ್ದು ಬಂದಂತೆ ಇರುತ್ತದೆ. ಥಂಡರ್‌ಬರ್ಡ್‌ನಲ್ಲಿ ಐಮ್ಯಾಪ್ ಖಾತೆ ಹಾಕಿ, ಮೇಲ್‌ಗಳನ್ನು ಈ ಕಂಪ್ಯೂಟರಿನಲ್ಲೂ ಇಡು ಎಂದು ಟಿಕ್ ಮಾಡಿದರೆ ಸಿಗುವುದು ತದ್ರೂಪ. ಇಂಟರ್‌ನೆಟ್ ಇಲ್ಲದಾಗ ಓದಲು ಸಾಕು. ಕಮಾಂಡ್ ಬರೆಯುವುದು ಬೇಜಾರು ಎನ್ನುವವರು ಇಲ್ಲಿಗೇ ನಿಲ್ಲಬಹುದು, ತಪ್ಪೇನಿಲ್ಲ. ಆದರೆ ಫೋನಿನಲ್ಲಿ ಕೈತಪ್ಪಿ ಅಳಿಸಿದ ಮೇಲ್ ಅದರಲ್ಲಿ ಉಳಿಯುವುದಿಲ್ಲ. ಖಾತೆ ಯಾರದೋ ಕೈಗೆ ಸಿಕ್ಕಿ ಖಾಲಿಯಾದರೆ ಮನೆಯಲ್ಲೂ ಖಾಲಿ.

ಸಂಗ್ರಹ ಬೇಕೆಂದರೆ ಐಮ್ಯಾಪ್ ಮೇಲನ್ನು ಮೇಲ್‌ಡಿರಿಗೆ ತರುವ ಎಂಬಿಸಿಂಕ್ ಎಂಬ ತಂತ್ರಾಂಶ ಹಾಕಿ. ಲಿನಕ್ಸ್‌ನಲ್ಲಿ ಐಸಿಂಕ್ ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಅದು ಸರ್ವರನ್ನು ‘ಫಾರ್’ ಎಂದೂ ನಿಮ್ಮ ಮನೆಯ ಮೇಲ್‌ಡಿರನ್ನು ‘ನಿಯರ್’ ಎಂದೂ ಕರೆಯುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಮಾದರಿ ಸೆಟ್ಟಿಂಗ್‌ಗಳಲ್ಲಿ ‘ಸಿಂಕ್ ಆಲ್’, ‘ಎಕ್ಸ್‌ಪಂಜ್ ಬೋತ್’ ಎಂದು ಇರುತ್ತದೆ. ಅದನ್ನು ಹಾಗೇ ಎತ್ತಿ ಹಾಕಬೇಡಿ. ಆ ಎರಡು ಸಾಲು ಹೇಳುವುದು ಏನೆಂದರೆ ಎರಡು ಕಡೆಯ ಬದಲಾವಣೆಯೂ ಇನ್ನೊಂದು ಕಡೆಗೆ ಹೋಗಲಿ, ಅಳಿಸಿದ್ದು ಎರಡೂ ಕಡೆ ಪೂರ್ತಿ ಹೋಗಲಿ ಎಂದು. ಮನೆಯ ಫೋಲ್ಡರಿನಲ್ಲಿ ಏನೋ ಎಡವಟ್ಟಾಗಿ ಮೇಲ್‌ಗಳು ಕಾಣೆಯಾದರೆ, ತಂತ್ರಾಂಶ ಅದನ್ನು ‘ಇವರೇ ಅಳಿಸಿದ್ದಾರೆ’ ಎಂದು ತಿಳಿದು ಸರ್ವರಿನಲ್ಲೂ ಅಳಿಸುತ್ತದೆ. ಬದಲಿಗೆ ‘ಸಿಂಕ್ ಪುಲ್‌ನ್ಯೂ ಪುಲ್‌ಫ್ಲ್ಯಾಗ್ಸ್’, ‘ಕ್ರಿಯೇಟ್ ನಿಯರ್’, ‘ಎಕ್ಸ್‌ಪಂಜ್ ನನ್’ ಎಂದು ಬರೆಯಿರಿ. ಹೊಸ ಮೇಲ್ ತರುತ್ತದೆ, ಓದಿದ ಗುರುತು ತರುತ್ತದೆ, ಹೊಸ ಫೋಲ್ಡರ್ ಇದ್ದರೆ ಮನೆಯಲ್ಲಿ ಮಾಡುತ್ತದೆ. ಎಲ್ಲಿಯೂ ಏನನ್ನೂ ಅಳಿಸುವುದಿಲ್ಲ.

ಇದರಲ್ಲಿ ಒಂದು ಕಿರಿಕಿರಿ ಇದೆ. ಮನೆಯಲ್ಲಿ ಓದಿದ್ದು ಫೋನಿನಲ್ಲಿ ಓದದೇ ಇರುವಂತೆಯೇ ಕಾಣುತ್ತದೆ. ‘ಪುಶ್‌ಫ್ಲ್ಯಾಗ್ಸ್’ ಎಂದು ಸೇರಿಸಿದರೆ ಅದು ಸರಿಹೋಗುತ್ತದೆ. ಆದರೆ ಓದಿದ್ದು ಎಂಬಂತೆ ಅಳಿಸು ಎಂಬುದೂ ಒಂದು ಫ್ಲ್ಯಾಗೇ, ಅಂದರೆ ಗುರುತೇ, ಅಲ್ವಾ? ಮನೆಯಲ್ಲಿ ಡಿಲೀಟ್ ಒತ್ತಿದ ಗುರುತೂ ಅದರ ಜೊತೆ ಸರ್ವರಿಗೆ ಹೋಗುತ್ತದೆ. ಮೊದಲ ಕೆಲವು ವಾರ ಒಂದೇ ದಿಕ್ಕಿನಲ್ಲಿ ಓಡಿಸಿ, ಧೈರ್ಯ ಬಂದ ಮೇಲೆ ಇದನ್ನು ಸೇರಿಸುವುದು ವಾಸಿ.

ಜಿಮೇಲ್‌ಗೆ ಎರಡು ಮಾತು. ಅಲ್ಲಿ ಲೇಬಲ್‌ಗಳು ಐಮ್ಯಾಪ್‌ಗೆ ಫೋಲ್ಡರುಗಳಾಗಿ ಕಾಣುತ್ತವೆ. ಒಂದೇ ಮೇಲಿಗೆ ಎರಡು ಲೇಬಲ್ ಇದ್ದರೆ ಆ ಎರಡು ಕಡೆಯಿಂದ, ಜೊತೆಗೆ ‘ಆಲ್ ಮೇಲ್’ನಿಂದ, ಹೀಗೆ ಮೂರು ಪ್ರತಿ ಬರುತ್ತದೆ. ಸಂಗ್ರಹಕ್ಕೆ ‘ಆಲ್ ಮೇಲ್’ ಒಂದನ್ನೇ ತರಿಸಿ. ಸ್ಪ್ಯಾಮ್ ಮತ್ತು ಕಸದ ಬುಟ್ಟಿ ಬಿಟ್ಟು ಎಲ್ಲವೂ ಅದರಲ್ಲಿ ಇರುತ್ತದೆ, ಕಳಿಸಿದ್ದೂ ಸೇರಿ. ಇನ್ನೊಂದು, ದಿನಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ಗೂಗಲ್ ವರ್ಕ್‌ಸ್ಪೇಸ್ ಖಾತೆಗಳಿಗೆ ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿ ಎಂದು ಗೂಗಲ್ ಹೇಳುತ್ತದೆ. ಹತ್ತು ವರ್ಷದ ಮೇಲ್ ಇದ್ದರೆ ಮೊದಲ ಸಲ ಎಲ್ಲ ಬರಲು ಹಲವು ಸಂಜೆಗಳೇ ಬೇಕಾಗಬಹುದು. ಅವಸರ ಬೇಡ. ಅರ್ಧಕ್ಕೆ ಆಫ್ ಮಾಡಿದರೂ ಎಂಬಿಸಿಂಕ್ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಹಳೆಯ ಲೇಖನಗಳನ್ನು ನಂಬಬೇಡಿ, ಈಚಿನ ವರ್ಷಗಳಲ್ಲಿ ಎಲ್ಲ ಬದಲಾಗಿದೆ. ಜಿಮೇಲ್‌ಗೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಎಂಬಿಸಿಂಕ್‌ಗೆಂದೇ 16 ಅಕ್ಷರದ ಆಪ್ ಪಾಸ್‌ವರ್ಡ್ ಪಡೆಯಬೇಕು. ಮೈಕ್ರೋಸಾಫ್ಟ್‌ನ ಔಟ್‌ಲುಕ್ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದ ಬರೀ ಪಾಸ್‌ವರ್ಡಿನ ಪ್ರವೇಶ ನಿಂತಿದೆ, ಪಾಸ್‌ವರ್ಡಿನ ಬದಲು ಟೋಕನ್ ಕೊಟ್ಟು ಒಳಗೆ ಹೋಗುವ ಓಆತ್ ಎಂಬ ವಿಧಾನವೇ ಬೇಕು. ಥಂಡರ್‌ಬರ್ಡ್‌ಗೆ ಅದು ಬರುತ್ತದೆ, ಎಂಬಿಸಿಂಕ್‌ಗೆ ಬೇರೆ ಪ್ಲಗಿನ್ ಹಾಕಿ ಸ್ವಲ್ಪ ಒದ್ದಾಡಬೇಕು. ಪಾಸ್‌ವರ್ಡನ್ನು ಸೆಟ್ಟಿಂಗ್ ಫೈಲಿನಲ್ಲಿ ಬರೆಯಬೇಡಿ. ‘ಪಾಸ್‌ಸಿಎಂಡಿ’ (PassCmd) ಎಂಬ ಸಾಲಿನ ಮೂಲಕ ಪಾಸ್‌ವರ್ಡ್ ಪೆಟ್ಟಿಗೆಯಿಂದ ಓದುವಂತೆ ಮಾಡಬಹುದು. ಬರೆಯಲೇಬೇಕಾದರೆ ಆ ಫೈಲಿಗೆ 0600 ಅನುಮತಿ ಕೊಡಿ, ಬೇರೆ ಯಾರೂ ಓದಬಾರದು. ಸಂಪರ್ಕ 993ನೇ ಪೋರ್ಟಿನಲ್ಲಿ, ನಡುವೆ ಯಾರೂ ಓದದಂತೆ ಗೂಢಲಿಪಿ ಮಾಡುವ ಟಿಎಲ್‌ಎಸ್ ಜೊತೆಗೇ ಇರಲಿ.

ಆಫೀಸಿನ ಖಾತೆಗೆ ಮಾತ್ರ ಮೊದಲು ಅಲ್ಲಿನ ಐಟಿ ವಿಭಾಗವನ್ನು ಕೇಳಿ. ಆಫೀಸಿನ ಮೇಲ್ ಮನೆಯ ಡಿಸ್ಕಿನಲ್ಲಿ ಇಡುವುದು ಅವರ ನಿಯಮಕ್ಕೆ ವಿರುದ್ಧ ಇರಬಹುದು. ಆ ಖಾತೆಯನ್ನು ಬಿಟ್ಟರೂ ಉಳಿದ ವ್ಯವಸ್ಥೆಗೆ ಏನೂ ತೊಂದರೆಯಿಲ್ಲ.

ಉಳಿದ ಎರಡನ್ನೂ ಜಿಮೇಲ್‌ಗೇ ಫಾರ್ವರ್ಡ್ ಮಾಡಿ ಅಲ್ಲಿಂದ ಒಂದೇ ಸಲ ತಂದರೆ ಸುಲಭ ಅಲ್ವಾ ಅನ್ನಿಸಬಹುದು. ಸುಲಭ ಹೌದು. ಆದರೆ ಫಾರ್ವರ್ಡ್ ಆದ ಮೇಲ್ ಎಸ್‌ಪಿಎಫ್ ಪರೀಕ್ಷೆಯಲ್ಲಿ (ಮೇಲ್ ಬಂದದ್ದು ಕಳಿಸಿದವರ ಡೊಮೇನ್ ಒಪ್ಪಿದ ಸರ್ವರಿನಿಂದಲೇ ಎಂದು ನೋಡುವ ಪರೀಕ್ಷೆ) ಸೋಲುತ್ತದೆ, ಏಕೆಂದರೆ ಅದು ಬರುತ್ತಿರುವುದು ಅವರ ಸರ್ವರಿನಿಂದ ಅಲ್ಲ, ನಿಮ್ಮ ಸರ್ವರಿನಿಂದ. ಬೇಕಾದ ಮೇಲ್ ಸ್ಪ್ಯಾಮಿಗೆ ಬಿದ್ದರೆ ನೀವು ನೋಡುವುದೇ ಇಲ್ಲ. ಮೂರು ಖಾತೆಯಿಂದಲೂ ನೇರವಾಗಿ ತರಿಸಿ, ಮೂರು ಬೇರೆ ಬೇರೆ ಫೋಲ್ಡರಿಗೆ ಹಾಕಿ. ಎಲ್ಲದರಲ್ಲೂ ಒಟ್ಟಿಗೆ ಹುಡುಕಲು ನಾಟ್‌ಮಚ್ ಎಂಬ ತಂತ್ರಾಂಶ ಸಾಕು. ಮಾಮೂಲಿ ಮೇಲ್ ತಂತ್ರಾಂಶದಲ್ಲೇ ಓದಬೇಕೆಂದರೆ ಅದೇ ಕಂಪ್ಯೂಟರಿನಲ್ಲಿ ಡೊವ್‌ಕಾಟ್ ಎಂಬ ಐಮ್ಯಾಪ್ ಸರ್ವರ್ ಹಾಕಿ, ಹೊರಗಿನವರಿಗೆ ತೆರೆಯದೆ, ಆ ಮೇಲ್‌ಡಿರನ್ನು ಐಮ್ಯಾಪ್ ಖಾತೆಯಂತೆ ನೋಡಬಹುದು.

ಯಾವಾಗ ಓಡಿಸಬೇಕು ಎನ್ನುವಲ್ಲಿ ಎಡವುವವರು ಜಾಸ್ತಿ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್‌ನ ಕ್ರಾನ್‌ನಲ್ಲಿ ‘ಬೆಳಗ್ಗೆ ಆರಕ್ಕೆ’ ಎಂದು ಬರೆದಿದ್ದು ಆರಕ್ಕೆ ಕಂಪ್ಯೂಟರ್ ಆಫ್ ಇದ್ದರೆ ಆ ಸರದಿ ಹೋದಂತೆಯೇ. ಅದು ಆಮೇಲೆ ನೆನಪಿಟ್ಟುಕೊಂಡು ಓಡಿಸುವುದಿಲ್ಲ. ನಿಮಗೆ ಬೇಕಾದದ್ದು ಗಡಿಯಾರದ ಹೊತ್ತಲ್ಲ, ‘ಎದ್ದ ಎರಡು ನಿಮಿಷಕ್ಕೆ, ಆಮೇಲೆ ಪ್ರತಿ ಹದಿನೈದು ನಿಮಿಷಕ್ಕೆ’ ಎಂಬ ಲೆಕ್ಕ. ಲಿನಕ್ಸ್‌ನಲ್ಲಿ ಕೆಲಸಗಳನ್ನು ಓಡಿಸುವ ಸಿಸ್ಟಮ್‌ಡಿಯ ಟೈಮರಿನಲ್ಲಿ ‘ಆನ್‌ಬೂಟ್‌ಸೆಕ್’ ಮತ್ತು ‘ಆನ್‌ಯೂನಿಟ್‌ಆ್ಯಕ್ಟಿವ್‌ಸೆಕ್’ ಎಂಬ ಎರಡು ಸಾಲು ಇದಕ್ಕೇ ಇವೆ. ‘ಪರ್ಸಿಸ್ಟೆಂಟ್’ ಎಂಬ ಸಾಲನ್ನು ಹಾಕಿದರೆ ತಪ್ಪಿದ್ದನ್ನು ಓಡಿಸುತ್ತದೆ ಎಂದು ಓದಿರಬಹುದು. ಅದು ಗಡಿಯಾರದ ಹೊತ್ತು ಕೊಡುವ ‘ಆನ್‌ಕ್ಯಾಲೆಂಡರ್’ ಜೊತೆ ಮಾತ್ರ ಕೆಲಸ ಮಾಡುತ್ತದೆ. ವಿಂಡೋಸ್ ಬಳಸುವವರಿಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಸಮಯ ತಪ್ಪಿದ್ದರೆ ಆದಷ್ಟು ಬೇಗ ಓಡಿಸು ಎಂಬ ಟಿಕ್ ಇದೆ.

ಕಂಪ್ಯೂಟರ್ ಎದ್ದ ತಕ್ಷಣ ವೈಫೈ ಇನ್ನೂ ಸಿಕ್ಕಿರುವುದಿಲ್ಲ, ಮೊದಲ ಓಟ ಸೋಲುತ್ತದೆ. ಸೋಲಲಿ ಬಿಡಿ, ಹದಿನೈದು ನಿಮಿಷಕ್ಕೆ ಮತ್ತೆ ಓಡುತ್ತದಲ್ಲ. ನೀವು ಗಮನ ಕೊಡಬೇಕಾದದ್ದು ದಿನವೂ ಸದ್ದಿಲ್ಲದೆ ಸೋಲುವ ಓಟಕ್ಕೆ. ಆಪ್ ಪಾಸ್‌ವರ್ಡ್ ರದ್ದಾಗಿರುತ್ತದೆ, ತಿಂಗಳಾದರೂ ಒಂದು ಮೇಲೂ ಬಂದಿರುವುದಿಲ್ಲ, ಫೋನಿನಲ್ಲಿ ಓದುತ್ತಿರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ಓಟ ಸೋತಾಗ ಏನು ಮಾಡಬೇಕೆಂದು ಸಿಸ್ಟಮ್‌ಡಿಗೆ ಹೇಳುವ ‘ಆನ್‌ಫೇಲ್ಯೂರ್’ ಎಂಬ ಸಾಲಿಗೆ ಪರದೆಯ ಮೇಲೆ ಒಂದು ಸೂಚನೆ ತೋರಿಸುವ ಚಿಕ್ಕ ಸ್ಕ್ರಿಪ್ಟ್ ಕಟ್ಟಿಬಿಡಿ.

ಎಲ್ಲ ಹಾಕಿದ ಮೇಲೆ ಬೇಕಂತಲೇ ಕೆಡಿಸಿ ನೋಡಿ. ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್ ಒಂದನ್ನು ನಿಮಗೇ ಕಳಿಸಿಕೊಂಡು, ಅದು ಬರುತ್ತಿರುವಾಗ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಮತ್ತೆ ಹಾಕಿ ಓಡಿಸಿ. ಸರ್ವರಿನಲ್ಲಿ ಆ ಮೇಲ್ ಇದೆಯೇ, ಮನೆಯಲ್ಲಿ ಒಂದೇ ಪ್ರತಿ ಬಂದಿದೆಯೇ, ಅಟ್ಯಾಚ್‌ಮೆಂಟ್ ತೆರೆಯುತ್ತದೆಯೇ ನೋಡಿ. ಸರ್ವರಿನಲ್ಲಿ ಜಾಗ ಸಾಲದೆ ಮುಂದೆ ಹಳೆಯ ಮೇಲ್ ಅಳಿಸಬೇಕಾಗಿ ಬಂದರೆ, ಮನೆಯ ಮೇಲ್‌ಡಿರಿನ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರುವ ತನಕ ಕೈ ಹಾಕಬೇಡಿ. ಸರ್ವರಿನಲ್ಲಿ ಅಳಿಸಿದ ಗಳಿಗೆಯಿಂದ ಮನೆಯ ಪ್ರತಿಯೇ ಮೂಲವಾಗುತ್ತದೆ.

ಕಳಿಸುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ಇಂಟರ್‌ನೆಟ್ ಇಲ್ಲದಾಗ ಓದುವವರು ಆಗಲೇ ಉತ್ತರವನ್ನೂ ಬರೆಯುತ್ತಾರೆ. ಥಂಡರ್‌ಬರ್ಡ್‌ನಲ್ಲಾದರೆ ಬರೆದದ್ದು ಔಟ್‌ಬಾಕ್ಸ್‌ನಲ್ಲಿ ಕಾಯುತ್ತದೆ. ಮನೆಯಲ್ಲಿ ಪೋಸ್ಟ್‌ಫಿಕ್ಸ್ ಹಾಕಿಕೊಂಡರೆ ಅದು ನೇರವಾಗಿ ಕಳಿಸದೆ, ‘ರಿಲೇಹೋಸ್ಟ್’ ಎಂಬ ಸೆಟ್ಟಿಂಗ್ ಮೂಲಕ ನಿಮ್ಮ ಖಾತೆಯ ಸರ್ವರಿಗೆ 587ನೇ ಪೋರ್ಟಿನಲ್ಲಿ ಕೊಡುವಂತೆ ಮಾಡಿ. ಸಂಪರ್ಕ ಸಿಕ್ಕಾಗ ‘ಪೋಸ್ಟ್‌ಕ್ಯೂ’ ಆಜ್ಞೆಯಿಂದ ಸರದಿಯಲ್ಲಿರುವುದನ್ನೆಲ್ಲ ಒಮ್ಮೆಗೇ ಹೊರಡಿಸಬಹುದು. ಆದರೆ ಮೇಲೆ ಹೇಳಿದ ಐದು ದಿನದ ಲೆಕ್ಕ ನಿಮ್ಮದೇ ಪೋಸ್ಟ್‌ಫಿಕ್ಸ್‌ಗೂ ಇದೆ. ಮೇಲ್ ಬರೆದು, ಹೋಗುವ ಮೊದಲೇ ಕಂಪ್ಯೂಟರ್ ಆಫ್ ಮಾಡಿ ವಾರ ಬಿಟ್ಟು ಬಂದಿರಿ ಎನ್ನಿ. ಆನ್ ಆದ ಕೂಡಲೇ ಅದು ಒಂದು ಪ್ರಯತ್ನ ಮಾಡುತ್ತದೆ. ಆ ಹೊತ್ತಿಗೆ ವೈಫೈ ಸಿಗದಿದ್ದರೆ ‘ಅವಧಿ ಮುಗಿಯಿತು’ ಎಂದು ಮೇಲನ್ನು ನಿಮಗೇ ವಾಪಸ್ ಮಾಡುತ್ತದೆ. ‘ಮ್ಯಾಕ್ಸಿಮಲ್ ಕ್ಯೂ ಲೈಫ್‌ಟೈಮ್’ ಎಂಬ ಸೆಟ್ಟಿಂಗನ್ನು 20 ದಿನಕ್ಕೆ ಏರಿಸಿ.